ಎಂಟೂ ಲೈಟ್ ಹತ್ತಿದರೂ ನೆಟ್‌ವರ್ಕ್ ಓಡದಿದ್ದರೆ

ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್. ಐದು ಕಂಪ್ಯೂಟರ್, ಅವನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ ಎಂಬ ಒಂದು ಪೆಟ್ಟಿಗೆ. ಡಿಸೈನ್ ಕೋಣೆಯಿಂದ ಮಷಿನ್ ಪಕ್ಕದ ಕಂಪ್ಯೂಟರಿಗೆ ಲಗ್ನಪತ್ರಿಕೆಯ ಫೈಲ್ ಹೋಗುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. "ಟೆಸ್ಟರ್‌ನ್ಯಾಗ ಎಂಟೂ ಲೈಟ್ ಹತ್ತತಾವ್ರಿ ಸರ, ಕೇಬಲ್ ಛಲೋ ಐತ್ರಿ" ಎಂದ ವೈರಿಂಗ್ ಮಾಡಿದ ಹುಡುಗ. ಮಾಲೀಕರು ಸುಮ್ನೆ ಹೊಸ ಸ್ವಿಚ್ ತಂದಿಟ್ಟಿದ್ದರು. ತಪ್ಪಿದ್ದದ್ದು ಕೇಬಲ್ ತುದಿಯಲ್ಲಿ. ಇದೇ ತಪ್ಪನ್ನು ಎಷ್ಟೋ ಕಡೆ ನೋಡಿದ್ದೇನೆ.

ಮೊದಲು ಸ್ವಿಚ್ ನಡುವೆ ಇಟ್ಟು, ಒಂದೊಂದು ಕಂಪ್ಯೂಟರಿಗೂ ಬೇರೆ ಕೇಬಲ್ ಎಳೆಯಿರಿ. ಇದೇ ಸ್ಟಾರ್ ಟೋಪಾಲಜಿ, ಅಂದರೆ ನಕ್ಷತ್ರದ ಹಾಗೆ ಜೋಡಿಸುವ ರೀತಿ. ಒಂದು ಕೇಬಲ್ ಕಡಿದರೆ ಆ ಕಂಪ್ಯೂಟರ್ ಮಾತ್ರ ನಿಲ್ಲುತ್ತದೆ. ಹಿಂದಿನ ಬಸ್ ಟೋಪಾಲಜಿಯಲ್ಲಿ ಒಂದೇ ಕೋಆಕ್ಸಿಯಲ್ ಕೇಬಲ್‌ಗೆ ಎಲ್ಲವನ್ನೂ ಪೋಣಿಸುತ್ತಿದ್ದರು. ಒಂದು ಕಡೆ ಬಿಚ್ಚಿತೆಂದರೆ ಇಡೀ ಆಫೀಸು ಬಂದ್. ಯಾವ ಕೇಬಲ್ಲೂ 100 ಮೀಟರ್ ದಾಟಬಾರದು.

ಪೂರ್ತಿ ತಾಮ್ರದ ಕ್ಯಾಟ್ 6 ದರ್ಜೆಯ ನೆಟ್‌ವರ್ಕ್ ಕೇಬಲ್ಲನ್ನೇ ತನ್ನಿ. ಅಗ್ಗದ ಸಿಸಿಎ ಕೇಬಲ್ ಬೇಡವೇ ಬೇಡ, ಅದು ತಾಮ್ರದ ಲೇಪ ಬಳಿದ ಅಲ್ಯೂಮಿನಿಯಂ. ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ; ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ.

ಈಗ ಕ್ರಿಂಪಿಂಗ್, ಅಂದರೆ ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವ ಕೆಲಸ. ಅವಸರ ಮಾಡಬೇಡಿ. ಮೇಲಿನ ಸಿಪ್ಪೆಯನ್ನು ಒಂದೂವರೆ ಇಂಚು ತೆಗೆಯಿರಿ. ಒಳಗೆ ಒಂದಕ್ಕೊಂದು ಹೆಣೆದ ನಾಲ್ಕು ಜೋಡಿ ತಂತಿ ಇರುತ್ತವೆ. ಹೆಣಿಗೆ ಬಿಚ್ಚಿ, ನೆಟ್ಟಗೆ ಮಾಡಿ, ಈ ಸಾಲಿನಲ್ಲಿ ಜೋಡಿಸಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದು ಟಿ568ಬಿ ಸಾಲು. ಎರಡೂ ತುದಿಗೆ ಇದೇ ಇರಲಿ.

ಹಸಿರು ಜೋಡಿಯ ನಡುವೆ ನೀಲಿ ಯಾಕೆ ಬಂತು ಎನಿಸುತ್ತದೆ, ಅಲ್ವಾ? ಕನೆಕ್ಟರ್‌ನಲ್ಲಿ ಒಂದೊಂದು ತಂತಿಗೂ ಒಂದು ಲೋಹದ ಪಿನ್; ಸಿಗ್ನಲ್ ಹೋಗುವುದು 1-2, 3-6, 4-5, 7-8 ಪಿನ್‌ಗಳ ಜೋಡಿಯಲ್ಲಿ. ಪ್ರೆಸ್‌ನ ಹುಡುಗ ಹಸಿರಿನ ಪಕ್ಕ ಹಸಿರು, ನೀಲಿಯ ಪಕ್ಕ ನೀಲಿ ಇಟ್ಟಿದ್ದ. ಆಗ 3 ಮತ್ತು 6ನೇ ಪಿನ್‌ಗೆ ಬೇರೆ ಬೇರೆ ಜೋಡಿಯ ತಂತಿ ಸೇರುತ್ತವೆ. ಹೆಣಿಗೆಯಿಂದ ಸಿಗುವ ರಕ್ಷಣೆ ಹೋಗಿ, ಒಂದರ ಸಿಗ್ನಲ್ ಇನ್ನೊಂದಕ್ಕೆ ತಾಗುತ್ತದೆ. ಸಾದಾ ಟೆಸ್ಟರ್ ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೇ ಎಂದಷ್ಟೇ ನೋಡುತ್ತದೆ. ಹಾಗಾಗಿ ಎಂಟೂ ಲೈಟ್ ಹತ್ತುತ್ತವೆ.

ಜೋಡಿಸಿದ ಮೇಲೆ ಅರ್ಧ ಇಂಚು ಬಿಟ್ಟು ನೆಟ್ಟಗೆ ಕತ್ತರಿಸಿ. ಅದಕ್ಕಿಂತ ಜಾಸ್ತಿ ಹೆಣಿಗೆ ಬಿಚ್ಚಿರಬಾರದು. ಕನೆಕ್ಟರ್‌ನ ಕ್ಲಿಪ್ ಕೆಳಗೆ, ತೂತು ನಿಮ್ಮ ಕಡೆ ಇರಲಿ, ಬಿಳಿ-ಕಿತ್ತಳೆ ಎಡಕ್ಕೆ. ಎಂಟೂ ತುದಿ ಮುಂದಿನ ಗೋಡೆಗೆ ತಾಗುವವರೆಗೆ ಒತ್ತಿ. ಸಿಪ್ಪೆಯೂ ಕನೆಕ್ಟರ್ ಒಳಗೆ ಬಂದಿರಬೇಕು, ಇಲ್ಲದಿದ್ದರೆ ಒಂದು ಜಗ್ಗಿಗೆ ಕಿತ್ತು ಬರುತ್ತದೆ. ಆಮೇಲೆ ಕ್ರಿಂಪ್ ಮಾಡಿ.

ಆಮೇಲೂ ತೊಂದರೆಯಿದ್ದರೆ ಬುಡದಿಂದ ಮೇಲಕ್ಕೆ ನೋಡುತ್ತಾ ಹೋಗಿ. ನೆಟ್‌ವರ್ಕನ್ನು ಕೆಳಗೆ ಕೇಬಲ್, ಅದರ ಮೇಲೆ ವಿಳಾಸ, ಅದರ ಮೇಲೆ ಹೆಸರು ಎಂದು ಪದರಗಳಾಗಿ ನೋಡುವುದು ಉಪಯೋಗಕ್ಕೆ ಬರುವುದು ಇಲ್ಲೇ. ಸ್ವಿಚ್ ಪೋರ್ಟಿನ ಲೈಟ್ ಹತ್ತದಿದ್ದರೆ ಮೊದಲು ಕೇಬಲ್ ನೋಡಿ, ಆಮೇಲೆ ಪೋರ್ಟ್. ಕಂಪ್ಯೂಟರಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆ) 169.254 ಎಂದು ಶುರುವಾದರೆ ರೂಟರ್‌ನಿಂದ ವಿಳಾಸ ಬಂದಿಲ್ಲ. ಗೂಗಲ್‌ನ 8.8.8.8 ವಿಳಾಸಕ್ಕೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಸಣ್ಣ ಸಂದೇಶ) ಹೋಗಿ, ವೆಬ್‌ಸೈಟ್ ಹೆಸರು ಹಾಕಿದರೆ ತೆರೆಯದಿದ್ದರೆ, ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ನೋಡಿ. ಎಲ್ಲ ಕಂಪ್ಯೂಟರೂ ಒಮ್ಮೆಲೇ ನಿಂತವೇ? ಒಂದೇ ಕೇಬಲ್ಲಿನ ಎರಡೂ ತುದಿಯನ್ನು ಯಾರೋ ಸ್ವಿಚ್ಚಿಗೇ ಹಾಕಿರಬಹುದು, ಮೊದಲು ಅದನ್ನು ಹುಡುಕಿ.

ಪ್ರೆಸ್‌ನಲ್ಲಿ ಎರಡೂ ತುದಿ ಕತ್ತರಿಸಿ ಆ ಹುಡುಗನಿಂದಲೇ ಮತ್ತೆ ಹಾಕಿಸಿದೆ. ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ವೇಗ 100 ಎಂಬಿಪಿಎಸ್ ತೋರಿಸುತ್ತಿದ್ದ ಜಾಗದಲ್ಲಿ ಅದರ ಹತ್ತರಷ್ಟು, 1.0 ಜಿಬಿಪಿಎಸ್ ಬಂತು. ಹೊಸ ಸ್ವಿಚ್ಚನ್ನು ಮಾಲೀಕರು ಬಿಲ್ ಸಮೇತ ಅಂಗಡಿಗೆ ವಾಪಸ್ ಕಳಿಸಿದರು.