ಕೆಂಪು ಚೀಟಿ ಬಿಚ್ಚುವ ಹೊಣೆ

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಉತ್ಪಾದನಾ ವಿಭಾಗ ನೋಡಿಕೊಳ್ಳುತ್ತಿದ್ದಾಗ, ಟಿಪಿಎಂ (ಟೋಟಲ್ ಪ್ರೊಡಕ್ಟಿವ್ ಮೆಂಟೆನೆನ್ಸ್) ಪದ್ಧತಿಯನ್ನು ಜಾರಿಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ಯಂತ್ರ ಕೆಟ್ಟು ನಿಂತ ಮೇಲೆ ಮೆಂಟೆನೆನ್ಸ್‌ನವರ ದಾರಿ ಕಾಯುವ ಬದಲು, ಅದನ್ನು ನಡೆಸುವ ಆಪರೇಟರನೇ ದಿನವೂ ಒರೆಸಿ, ಎಣ್ಣೆ ಹಾಕಿ, ಸಡಿಲಾದ ಬೋಲ್ಟ್ ಬಿಗಿದು, ದೋಷವನ್ನು ಮೊದಲೇ ಗುರುತಿಸುವುದು ಈ ಪದ್ಧತಿಯ ತಿರುಳು. ಜಪಾನಿನಲ್ಲಿ ಸೆಯಿಚಿ ನಕಾಜಿಮಾ ಅವರ ಮುಂದಾಳತ್ವದಲ್ಲಿ 1970ರ ದಶಕದಲ್ಲಿ ರೂಪುಗೊಂಡ ಈ ಕ್ರಮ ಪುಣೆಯ ವಾಹನೋದ್ಯಮಕ್ಕೆ ಹೊಸದೇನಲ್ಲ.

ನಮ್ಮ ಕಾರ್ಖಾನೆಗೂ ಅದು ಹೊಸದಾಗಿರಲಿಲ್ಲ. ನಾನು ಸೇರುವ ಮೊದಲು ಒಮ್ಮೆ ಆರಂಭಿಸಿ ಕೈಬಿಟ್ಟಿದ್ದರು. ಅದು ಏಕೆ ನಿಂತಿತೆಂದು ತಿಳಿಯದೆ ಮತ್ತೆ ಶುರುಮಾಡುವುದು ಸರಿಯಲ್ಲವೆನಿಸಿ, ಟರ್ನಿಂಗ್ ವಿಭಾಗದ ಹಿರಿಯ ಆಪರೇಟರುಗಳನ್ನು ಒಬ್ಬೊಬ್ಬರಾಗಿ ಮಾತಾಡಿಸಿದೆ. ವಿಜಯಪುರ ಜಿಲ್ಲೆಯಿಂದ ಬಂದು ಭೋಸರಿಯಲ್ಲೇ ನೆಲೆಸಿದ್ದ ಒಬ್ಬರು ನೇರವಾಗಿ ಹೇಳಿದರು: “ಸಾಹೇಬ್ರ, ಕೆಂಪು ಚೀಟಿ ಕಟ್ಟೂದು ನಿಮ್ಮ ಕೆಲಸ ಅಂದ್ರು, ಕಟ್ಟಿದ್ವಿ. ಬಿಚ್ಚೂದು ಯಾರ ಕೆಲಸ ಅಂತ ಯಾರೂ ಹೇಳ್ಲಿಲ್ರಿ.”

ಯಂತ್ರದಲ್ಲಿ ದೋಷ ಕಂಡ ಜಾಗಕ್ಕೆ ಆಪರೇಟರು ಚೀಟಿ ಕಟ್ಟುವುದು ಟಿಪಿಎಂನ ರೂಢಿ. ತಾನೇ ಸರಿಪಡಿಸಬಲ್ಲದಕ್ಕೆ ಬಿಳಿ ಚೀಟಿ, ಮೆಂಟೆನೆನ್ಸ್ ವಿಭಾಗ ಸರಿಪಡಿಸಬೇಕಾದದ್ದಕ್ಕೆ ಕೆಂಪು ಚೀಟಿ. ಹಿಂದಿನ ಸಲ ಬಿಳಿ ಚೀಟಿಗಳೆಲ್ಲ ಇಳಿದಿದ್ದವು. ಕೆಂಪು ಚೀಟಿಗಳು ಎಣ್ಣೆ ಹಿಡಿದು ಕಪ್ಪಾಗುವವರೆಗೂ ತೂಗಾಡಿದ್ದವು. ಕೆಲಸಗಾರರು ಬದಲಾವಣೆಯನ್ನು ವಿರೋಧಿಸುತ್ತಾರೆ ಎಂದು ಆಡಳಿತದವರು ಹೇಳುತ್ತಿದ್ದರು. ಆದರೆ ತಮ್ಮ ಪಾಲಿನದನ್ನು ಮಾಡಿ ಮುಗಿಸಿದ್ದವರು ಕೆಲಸಗಾರರೇ. ಮಾಡದೆ ಬಿಟ್ಟದ್ದು ಆಡಳಿತ.

ಆದ್ದರಿಂದ ಈ ಸಲ ಚೀಟಿ ಹಂಚುವ ಮೊದಲು ಚೀಟಿ ಬಿಚ್ಚುವ ವ್ಯವಸ್ಥೆ ಮಾಡಬೇಕೆಂದು ನಿಶ್ಚಯಿಸಿದೆ. ಅಡಚಣೆ ಇದ್ದದ್ದು ಸ್ಟೋರಿನಲ್ಲಿ. ಎಣ್ಣೆ ಸೋರದಂತೆ ತಡೆಯುವ ಒಂದು ಆಯಿಲ್ ಸೀಲ್ ಬೇಕಾದರೂ ಇಂಡೆಂಟ್ (ಬೇಡಿಕೆ ಪತ್ರ) ಬರೆದು, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ, ಅಕೌಂಟ್ಸ್‌ನಿಂದ ಒಪ್ಪಿಗೆ ಬರುವವರೆಗೆ ಕಾಯಬೇಕಾಗಿತ್ತು. ನಾನು ಅಕೌಂಟ್ಸ್ ಅಧಿಕಾರಿಯನ್ನು ಮಾದರಿಗೆಂದು ಆರಿಸಿದ್ದ ಹಳೆಯ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇಥ್‌ನ ಬಳಿಗೆ ಕರೆದೊಯ್ದೆ. ಅದರ ಹಿಂಬದಿಯ ಕವರ್ ತೆಗೆದು, ಚಿಪ್ಸ್ (ಲೋಹದ ಚೂರು) ಹಾಗೂ ಯಂತ್ರ ತಂಪಾಗಿಸುವ ಕೂಲಂಟ್ ಸೇರಿ ಗಟ್ಟಿಯಾಗಿದ್ದ ಕೊಳೆಯನ್ನು ಆಪರೇಟರು ಕೆರೆದಾಗ, ಹೈಡ್ರಾಲಿಕ್ ಹೋಸ್‌ನ ಜೋಡಣೆಯಿಂದ ಹನಿ ಹನಿಯಾಗಿ ಸೋರುತ್ತಿದ್ದ ಎಣ್ಣೆ ಕಣ್ಣಿಗೆ ಬಿತ್ತು. ಕಡಿಮೆಯಾದ ಎಣ್ಣೆಯನ್ನು ಪ್ರತಿ ಪಾಳಿಯಲ್ಲೂ ತುಂಬುತ್ತಿದ್ದರೇ ಹೊರತು ಅದು ಎಲ್ಲಿಗೆ ಹೋಗುತ್ತಿದೆ ಎಂದು ಯಾರೂ ಹುಡುಕಿರಲಿಲ್ಲ. ಸೋರುವ ಎಣ್ಣೆಯ ಬೆಲೆಯೆದುರು ಸೀಲಿನ ಬೆಲೆ ಏನೇನೂ ಅಲ್ಲವೆಂಬುದನ್ನು ಆ ಅಧಿಕಾರಿ ಅಲ್ಲೇ ಲೆಕ್ಕ ಹಾಕಿಕೊಂಡರು. ಸೀಲ್, ಕ್ಲಾಂಪ್, ಲಿಮಿಟ್ ಸ್ವಿಚ್‌ನಂಥ ಸಣ್ಣ ಸಾಮಾನುಗಳನ್ನು ಫೋರ್‌ಮನ್‌ನ ಸಹಿಯ ಮೇಲೆಯೇ ಕೊಡಬಹುದೆಂಬ ಸುತ್ತೋಲೆ ಆ ವಾರವೇ ಹೊರಬಿತ್ತು. ನಾನು ಮಾಡಿದ ಇಡೀ ಕೆಲಸದಲ್ಲಿ ಇದಕ್ಕೆ ಸಮನಾದದ್ದು ಬೇರೊಂದಿಲ್ಲವೆಂದೇ ನನ್ನ ಭಾವನೆ.

ಉಳಿದದ್ದು ಸೂಪರ್‌ವೈಸರುಗಳ ಮಾತು. ಬೆಳಗಿನ ಮೀಟಿಂಗ್‌ನಲ್ಲಿ “ನಿನ್ನೆ ಎಷ್ಟು ಪೀಸ್ ಬಂತು?” ಎಂದೇ ಮೊದಲು ಕೇಳುತ್ತಿದ್ದರೆ, ಒರೆಸುವುದಕ್ಕೆಂದು ಯಂತ್ರ ನಿಲ್ಲಿಸಲು ಯಾವ ಸೂಪರ್‌ವೈಸರು ತಾನೇ ಒಪ್ಪುತ್ತಾನೆ? ನಾವು ಆ ಪ್ರಶ್ನೆಯನ್ನು ಹಿಂದಕ್ಕೆ ಸರಿಸಿ, ಕಟ್ಟಿದ ಚೀಟಿ ಎಷ್ಟು, ಇಳಿದದ್ದು ಎಷ್ಟು, ಉಳಿದವು ಯಾರಿಂದಾಗಿ ಉಳಿದಿವೆ ಎಂಬುದರಿಂದ ಮೀಟಿಂಗ್ ಆರಂಭಿಸಿದೆವು. ಜೊತೆಗೆ ಯಂತ್ರದ ಒಟ್ಟಾರೆ ಕಾರ್ಯಕ್ಷಮತೆಯನ್ನು ಅಳೆಯುವ ಒಇಇ (ಓವರಾಲ್ ಎಕ್ವಿಪ್‌ಮೆಂಟ್ ಎಫೆಕ್ಟಿವ್‌ನೆಸ್) ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಿದೆ. ಯಂತ್ರ ಚಾಲೂ ಇದ್ದ ವೇಳೆ ನೂರಕ್ಕೆ 90, ವೇಗ 90, ಒಳ್ಳೆಯ ಪೀಸ್ 90 ಎಂದಾದರೆ, ಮೂರನ್ನೂ ಗುಣಿಸಿದಾಗ ಕೈಗೆ ಸಿಗುವುದು 72.9 ಮಾತ್ರ. ಪ್ರತಿಯೊಂದೂ ಚೆನ್ನಾಗಿಯೇ ಇದೆ ಎಂದು ಭಾವಿಸಿದ್ದವರಿಗೆ ಈ ಅಂಕಿ ನಾಟಿತು.

ಯೂನಿಯನ್ನಿನವರೊಂದಿಗೆ ಮೊದಲೇ ಕುಳಿತು ಮಾತಾಡಿದ್ದೆ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಮಿನಂತೆ, ಸಂಬಳ, ಕೆಲಸದ ವೇಳೆ ಮೊದಲಾದ ಸೇವಾ ಷರತ್ತುಗಳನ್ನು ಬದಲಿಸುವುದಿದ್ದರೆ 21 ದಿನ ಮುಂಚಿತವಾಗಿ ನೋಟಿಸು ಕೊಡಬೇಕಾಗಿತ್ತು. ಕಾಯ್ದೆ ಏನೇ ಹೇಳಲಿ, ಒರೆಸುವ ಹೊತ್ತಿನಲ್ಲಿ ಪೀಸ್ ಕಡಿಮೆಯಾಗಿ ಇನ್‌ಸೆಂಟಿವ್ ಕೈತಪ್ಪುತ್ತದೆಂಬ ಅವರ ಆತಂಕ ನ್ಯಾಯವಾದದ್ದಾಗಿತ್ತು. ಆ ಹೊತ್ತನ್ನು ಟಾರ್ಗೆಟ್‌ನಿಂದ ಕಳೆಯುವುದೆಂದೂ, ಈ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲವೆಂದೂ ಬರವಣಿಗೆಯಲ್ಲಿ ಒಪ್ಪಂದವಾದ ಮೇಲೆಯೇ ಚೀಟಿಗಳ ಕಟ್ಟು ಬಿಚ್ಚಿದೆವು. ಅವರವರಿಗೆ ಬರುವ ಭಾಷೆಯಲ್ಲಿ ಬರೆಯಬಹುದೆಂದು ಹೇಳಿದ್ದರಿಂದ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಚೀಟಿಗಳು ಬಂದವು.

ಮುಂದೆ ಗ್ರೈಂಡಿಂಗ್ ವಿಭಾಗಕ್ಕೆ ಇದನ್ನು ವಿಸ್ತರಿಸುವಾಗ ಅಲ್ಲಿನ ಸೂಪರ್‌ವೈಸರುಗಳು ಚೀಟಿ ಬೇಡುವ ಮೊದಲು ಸ್ಟೋರಿನಲ್ಲಿ ತಮ್ಮ ಯಂತ್ರಗಳ ಬೇರಿಂಗ್, ಬೆಲ್ಟ್‌ಗಳು ಇವೆಯೇ ಎಂದು ಪಟ್ಟಿ ಹಿಡಿದು ತಪಾಸಣೆ ಮಾಡಿಸಿದರು. ಇಲ್ಲದವುಗಳನ್ನು ತರಿಸಿಕೊಂಡ ಮೇಲೆ ಕೆಲಸ ಆರಂಭಿಸಿದರು.