ಗುಡ್ಡದ ಸೈಕಲ್ ಜಾಡಿಗೆ ವಾಟ ಕೊಡುವುದು ಹೇಗೆ?

ಮೌಂಟೇನ್ ಬೈಕ್ ಜಾಡನ್ನು ಚಕ್ರಕ್ಕಿಂತ ಹೆಚ್ಚಾಗಿ ಕೆಡಿಸುವುದು ನೀರು. ಶ್ರಮದಾನಕ್ಕೆ ಬಂದವರ ಹೆಚ್ಚಿನ ಬೆವರು ನೀರನ್ನು ದಾರಿಯಿಂದಾಚೆ ಕಳಿಸುವುದಕ್ಕೇ ಸುರಿಯಬೇಕು.

ಗುದ್ದಲಿ ಎತ್ತುವ ಮೊದಲು ಅನುಮತಿ. ಕಾಯ್ದಿಟ್ಟ ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ನೆಲ ಅಗೆಯುವುದು, ಮರ ಕಡಿಯುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅಪರಾಧ. ಅರಣ್ಯ ಇಲಾಖೆಯಿಂದ, ಎಸ್ಟೇಟ್ ಆದರೆ ಮಾಲೀಕರಿಂದ, ಬರಹದಲ್ಲೇ ಒಪ್ಪಿಗೆ ಪಡೆಯಿರಿ.

ಅಳತೆಗೆ ಒಂದು ಮೀಟರ್ ಉದ್ದದ ನೇರ ರೀಪರ್, ಅದರ ಮೇಲೊಂದು ರಸಮಟ್ಟ ಸಾಕು. ಒಂದು ತುದಿಯನ್ನು ಮೇಲ್ಬದಿಯ ನೆಲಕ್ಕೆ ತಾಗಿಸಿ, ಗುಳ್ಳೆ ನಡುವಿಗೆ ಬರುವವರೆಗೆ ಇನ್ನೊಂದನ್ನು ಎತ್ತಿ. ಅದರ ಕೆಳಗೆ ಎಷ್ಟು ಸೆಂಟಿಮೀಟರ್ ಸಂದಿಯೋ, ಇಳಿಜಾರು ಅಷ್ಟು ಶೇಕಡಾ.

1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಮೌಂಟೇನ್ ಬೈಕ್ ಸವಾರರ ಅಂತರರಾಷ್ಟ್ರೀಯ ಸಂಘ ‘ಇಂಬಾ’ ಹೇಳಿಕೊಡುವ ಅರ್ಧದ ನಿಯಮವನ್ನು ಇಲ್ಲಿ ಮರೆಯಬಾರದು: ಗುಡ್ಡದ ಮೈ ಶೇ 16 ಇಳಿಜಾರಿದ್ದರೆ ಜಾಡಿನ ಏರು ಶೇ 8 ದಾಟಕೂಡದು. ದಾಟಿದರೆ ನೀರು ಅಡ್ಡ ಹಾಯ್ದು ಇಳಿಯುವ ಬದಲು ಜಾಡನ್ನೇ ಹಿಡಿದು ಓಡಿ ಕೊರಕಲು ಮಾಡುತ್ತದೆ. ಒಟ್ಟು ಜಾಡಿನ ಸರಾಸರಿ ಏರು ಶೇ 10ರೊಳಗಿರಲಿ. ಇಳಿಯುವ ಜಾಡೂ 6ರಿಂದ 15 ಮೀಟರಿಗೊಮ್ಮೆ ನಾಲ್ಕು ಹೆಜ್ಜೆ ಏರಬೇಕು. ಏರಿನ ಬುಡದಲ್ಲೇ ನೀರು ಹೊರಬೀಳುತ್ತದೆ.

ಕಡಿಯುವಾಗ ಮೊದಲು ತರಗೆಲೆ, ಬೇರು ತುಂಬಿದ ಕಪ್ಪು ಮಣ್ಣು ತೆಗೆದು ಗಟ್ಟಿ ನೆಲ ಕಾಣಿಸಿ. 60–90 ಸೆಂ.ಮೀ. ಅಗಲ ಪೂರ್ತಿ ಗುಡ್ಡದ ಒಳಕ್ಕೇ ಬರಲಿ. ಅಗೆದ ಮಣ್ಣನ್ನು ಹೊರ ಅಂಚಿಗೆ ಸುರಿದು ಅಗಲ ಮಾಡಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ, ಆ ಸಡಿಲ ಮಣ್ಣು ಸೈಕಲ್ ಭಾರಕ್ಕೆ ಜಾರುತ್ತದೆ. ಕೆಳಗೆ ದೂರಕ್ಕೆ ಚೆಲ್ಲಿ. ಒಳಗಿನ ಗೋಡೆಯನ್ನು ನೆಟ್ಟಗೆ ಬಿಡದೆ ಓರೆಯಾಗಿ ಸವರಿ. ಹೊರಕ್ಕೆ ಶೇ 5 ವಾಟ ಕೊಡಿ: 80 ಸೆಂ.ಮೀ. ಅಗಲಕ್ಕೆ 4 ಸೆಂ.ಮೀ. ಇಳಿತ. ಬಳಿಕ ಮಣ್ಣನ್ನು ಬಡಿದು ಗಟ್ಟಿಯಾಗುವಂತೆ ದಮ್ಮಸ್ಸು ಮಾಡಿ, ಒಂದು ತಂಬಿಗೆ ನೀರು ಸುರಿದು ನೋಡಿ. ಅದು ಅಡ್ಡ ಹರಿದು ಹೊರಗೆ ಬಿದ್ದರೆ ಸರಿ.

ಹಳೆಯ ಜಾಡಿನಲ್ಲಿ ಚಕ್ರ ಓಡಿ ನಡು ತಗ್ಗುತ್ತದೆ, ಹೊರ ಅಂಚು ಬದುವಿನಂತೆ ಏಳುತ್ತದೆ. ಆ ಬದುವನ್ನು ಕೆರೆದು ತೆಗೆದರೆ ಅರ್ಧ ರಿಪೇರಿ ಮುಗಿದಂತೆ. ನೀರು ನಿಲ್ಲುವ ಕಡೆ 3 ಮೀಟರ್ ಉದ್ದದ ಅರ್ಧಚಂದ್ರಾಕಾರದಲ್ಲಿ ಕೆರೆದು, ಹೊರಕ್ಕೆ ಶೇ 15 ವಾಟ ಕೊಡಿ. ಕೆಸರನ್ನು ಹಾಗೇ ಬಿಟ್ಟರೆ ಸವಾರರು ಅದರ ಪಕ್ಕದಿಂದ ಸುತ್ತಿ ಹೋಗಿ ಜಾಡು ಅಗಲವಾಗುತ್ತಲೇ ಇರುತ್ತದೆ. ಅಡ್ಡಕ್ಕೆ ಮರದ ದಿಮ್ಮಿ ಹೂಳುವ ಪದ್ಧತಿ ಬಿಡುವುದೇ ಲೇಸು: ಅದರ ಹಿಂದೆ ಹೂಳು ತುಂಬುತ್ತದೆ, ಒದ್ದೆ ಮರದ ಮೇಲೆ ಚಕ್ರ ಜಾರುತ್ತದೆ.

ಮುಷ್ಟಿಯಲ್ಲಿ ಹಿಸುಕಿದ ಮಣ್ಣು ಉಂಡೆಯಾಗಿ ನಿಂತರೆ ಕೆಲಸಕ್ಕೆ ಹದ. ಪುಡಿಯಾದರೆ ದಮ್ಮಸ್ಸು ಕೂರುವುದಿಲ್ಲ, ಕೈಗೆ ಅಂಟಿದರೆ ಕಾಯಿರಿ. ಗುದ್ದಲಿ ಬೀಸುವವರ ನಡುವೆ 3 ಮೀಟರ್ ಅಂತರವಿರಲಿ. ಹೆಲ್ಮೆಟ್, ಗಟ್ಟಿ ಬೂಟು ಕಡ್ಡಾಯ.

ಮುಂಗಾರಿನ ಮೊದಲ ಜೋರು ಮಳೆಗೆ ಸೈಕಲ್ ಮನೆಯಲ್ಲಿ ಬಿಟ್ಟು, ಕೊಡೆ ಹಿಡಿದು ಜಾಡಿನುದ್ದಕ್ಕೂ ನಡೆಯಿರಿ. ನೀರು ನಿಂತಲ್ಲೆಲ್ಲ ಬಣ್ಣದ ಬಟ್ಟೆ ಕಟ್ಟಿ ಬನ್ನಿ.