ಮೂಲ ಫೈಲ್ ಒಂದು, ಪ್ರತಿಗಳು ಹಲವು: ಚಿತ್ರ, ಹಾಡು, ಫೋಟೊ ಆನ್‌ಲೈನ್‌ಗೆ ಹಾಕುವ ಬಗೆ

ವಾರಗಟ್ಟಲೆ ಕೂತು ಬರೆದ ಭಾವಚಿತ್ರ ಪರದೆಯ ಮೇಲೆ ಮಾಸಿದಂತೆ ಕಾಣುತ್ತದೆ. ಮನೆಯಲ್ಲಿ ಕೇಳುವಾಗ ತುಂಬಿ ಬಂದ ಹಾಡು ಆ್ಯಪ್‌ನಲ್ಲಿ ಚಪ್ಪಟೆಯಾಗಿರುತ್ತದೆ. ಹೆಚ್ಚಿನ ಸಲ ಕೆಲಸ ಕೆಡುವುದು ಕೊನೆಯ ಅರ್ಧ ಗಂಟೆಯಲ್ಲಿ, ಫೈಲ್ ಮಾಡಿ ಮೇಲೇರಿಸುವಾಗ. ಚಿತ್ರ, ಹಾಡು, ಫೋಟೊ ಮೂರನ್ನೂ ಒಬ್ಬರೇ ಮಾಡಿ ಒಬ್ಬರೇ ಹಂಚುವವರು ಆ ಅರ್ಧ ಗಂಟೆಯನ್ನು ಸರಿಯಾಗಿ ಬಳಸಿಕೊಳ್ಳಲು ಈ ಬರಹ.

ಮೊದಲು ಫೋಲ್ಡರ್ ವಿಷಯ. ಪ್ರತಿ ಕೃತಿಗೂ ಒಂದು ಫೋಲ್ಡರ್ ಮಾಡಿ, ಅದರೊಳಗೆ ‘ಮೂಲ’ ಮತ್ತು ‘ಪ್ರತಿ’ ಎಂದು ಎರಡು ಭಾಗ ಇಡಿ. ಮೂಲದಲ್ಲಿ ಇರಬೇಕಾದದ್ದು ಚಿತ್ರದ 16 ಬಿಟ್ ಟಿಫ್, ಫೋಟೊದ ರಾ ಫೈಲ್ (ಕ್ಯಾಮೆರಾ ಹಿಡಿದದ್ದು ಹಾಗೇ ಇರುವ ಫೈಲ್), ಹಾಡಿನ 24 ಬಿಟ್ ವೇವ್, ಅಂದರೆ ವಿವರ ಕಳೆಯದ ಫೈಲುಗಳು. ಇನ್‌ಸ್ಟಾಗ್ರಾಂಗೆ, ವೆಬ್‌ಸೈಟಿಗೆ, ಮುದ್ರಣಕ್ಕೆ ಬೇಕಾದ ಪ್ರತಿಯೊಂದನ್ನೂ ಈ ಮೂಲದಿಂದಲೇ ಹೊಸದಾಗಿ ತೆಗೆಯಿರಿ. ಜೆಪೆಗ್ ಫೈಲನ್ನು ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿ ಉಳಿಸಿದಾಗಲೆಲ್ಲ ಸ್ವಲ್ಪ ವಿವರ ಅಳಿಯುತ್ತದೆ. ಎಂಪಿ3 ಕೂಡ ಹಾಗೆಯೇ. ಎಂಪಿ3ಯನ್ನು ವೇವ್ ಮಾಡಿದರೆ ಗಾತ್ರ ದೊಡ್ಡದಾಗುತ್ತದೆ, ಹೋದ ದನಿ ಮರಳುವುದಿಲ್ಲ. ಕಳೆದುಹೋಗದಂತೆ ಮೂಲ ಫೋಲ್ಡರಿನದೇ ಮೂರು ನಕಲು ಇರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ನಕಲು ಮನೆಯಿಂದ ಹೊರಗಿರಲಿ.

ಭಾವಚಿತ್ರವನ್ನು ಫೈಲಿಗಿಳಿಸುವುದು

ಎ4 ಅಳತೆಯ, ಸಪಾಟಾದ ಪೆನ್ಸಿಲ್ ಅಥವಾ ಇಂಕ್ ಚಿತ್ರಕ್ಕೆ ಸ್ಕ್ಯಾನರ್ ಸಾಕು. ಅದೇ ಅಳತೆಯಲ್ಲಿ ಮುದ್ರಿಸುವುದಾದರೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ), ಎರಡು ಪಟ್ಟು ಹಿಗ್ಗಿಸುವುದಾದರೆ 600. ಎ4 ಹಾಳೆ 300ರಲ್ಲಿ ಸುಮಾರು 2480×3508 ಪಿಕ್ಸೆಲ್ ಆಗುತ್ತದೆ. ಸ್ಕ್ಯಾನರ್‌ನ ತಂತ್ರಾಂಶದಲ್ಲಿ ತಾನಾಗಿ ತಿದ್ದುವ ಆಯ್ಕೆಗಳಿದ್ದರೆ ಎಲ್ಲವನ್ನೂ ಆಫ್ ಮಾಡಿ. ಹಾಳೆಯನ್ನು ಬೆಳ್ಳಗೆ ಮಾಡಲು ಹೋಗಿ ಅವು ಕೆನ್ನೆಯ ಮೇಲಿನ ತೆಳು ಛಾಯೆಯನ್ನು ನುಂಗಿಬಿಡುತ್ತವೆ, ಮುಖ ಮುಖವಾಡದಂತಾಗುತ್ತದೆ. ತೆಳ್ಳನೆಯ, ಅಗ್ಗದ ಸ್ಕ್ಯಾನರ್‌ಗಳಲ್ಲಿರುವ ಸಿಐಎಸ್ ಸಂವೇದಕಕ್ಕೆ ಗಾಜಿಗೆ ತಾಗಿದ ಭಾಗ ಮಾತ್ರ ಸ್ಪಷ್ಟ. ನೀರು ಹೀರಿ ಉಬ್ಬಿದ ಜಲವರ್ಣದ ಹಾಳೆ ಅದರಲ್ಲಿ ಅಲ್ಲಲ್ಲಿ ಮಸುಕಾಗುತ್ತದೆ. ಇದ್ದಿಲು, ಪೇಸ್ಟಲ್ ಚಿತ್ರಗಳನ್ನಂತೂ ಗಾಜಿಗೆ ಒತ್ತಲೇಬೇಡಿ, ಪುಡಿ ಅಂಟಿಕೊಳ್ಳುತ್ತದೆ. ಇವಕ್ಕೆ ಕ್ಯಾಮೆರಾವೇ ಸರಿ.

ಕ್ಯಾಮೆರಾದಲ್ಲಿ ತೆಗೆಯುವಾಗ ಚಿತ್ರವನ್ನು ಗೋಡೆಗೆ ನೇರವಾಗಿ ಅಂಟಿಸಿ, ಲೆನ್ಸಿನ ನಡುಭಾಗ ಚಿತ್ರದ ನಡುಭಾಗಕ್ಕೆ ಎದುರಾಗುವಂತೆ ಟ್ರೈಪಾಡ್ ನಿಲ್ಲಿಸಿ. ಕ್ಯಾಮೆರಾ ಚೂರು ಬಾಗಿದರೂ ಹಾಳೆಯ ಅಂಚುಗಳು ಒಂದು ಕಡೆ ಕೂಡಿಕೊಳ್ಳುತ್ತವೆ. ಆಗ ಹಣೆ ಅಗಲವಾಗಿ ಗಲ್ಲ ಕಿರಿದಾಗಿ, ಕಷ್ಟಪಟ್ಟು ಹಿಡಿದ ಹೋಲಿಕೆಯೇ ತಪ್ಪುತ್ತದೆ. ಫೋನ್ ಆದರೆ ಹಿಂದೆ ಸರಿದು 2ಎಕ್ಸ್ ಲೆನ್ಸಿನಲ್ಲಿ ತೆಗೆಯಿರಿ. ಕ್ಯಾಮೆರಾ ಆದರೆ ಐಎಸ್‌ಒ 100, ಎಫ್/8, 2 ಸೆಕೆಂಡ್ ಟೈಮರ್.

ಬೆಳಕಿಗೆ ಒಂದೇ ಬಗೆಯ ಎರಡು ಎಲ್‌ಇಡಿ ದೀಪ, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 95 ಅಥವಾ ಮೇಲಿನವು. ಎಡಬಲಕ್ಕೆ ಒಂದೇ ದೂರದಲ್ಲಿ, ಚಿತ್ರಕ್ಕೆ 45 ಡಿಗ್ರಿ ಕೋನದಲ್ಲಿ ಇಡಿ. ಕೋಣೆಯ ಬೇರೆ ದೀಪ ಆರಿಸಿ, ಕಿಟಕಿ ಮುಚ್ಚಿ. ಹಗಲ ಬೆಳಕು ಬೆರೆತರೆ ಮುಖದ ಒಂದು ಪಕ್ಕ ನೀಲಿ, ಇನ್ನೊಂದು ಹಳದಿ. ಬೆಳಕು ಸಮವಾಗಿದೆಯೇ ಎಂದು ನೋಡಲು ಚಿತ್ರದ ನಡುವೆ ಒಂದು ಪೆನ್ಸಿಲನ್ನು ಹಾಳೆಗೆ ಲಂಬವಾಗಿ ಹಿಡಿಯಿರಿ. ಎಡಕ್ಕೂ ಬಲಕ್ಕೂ ಬೀಳುವ ನೆರಳುಗಳು ಒಂದೇ ಉದ್ದ, ಒಂದೇ ಕಪ್ಪು ಇರಬೇಕು.

ಪೆನ್ಸಿಲ್ ಚಿತ್ರದಲ್ಲಿ ಎಲ್ಲರಿಗೂ ಎದುರಾಗುವ ತೊಂದರೆ ಗ್ರಾಫೈಟ್‌ನ ಹೊಳಪು. 8ಬಿಯಂಥ ಮೆತ್ತನೆಯ, ಕಪ್ಪು ಪೆನ್ಸಿಲಿನಲ್ಲಿ ಒತ್ತಿ ತುಂಬಿದ ಕಣ್ಣಿನ ಪಾಪೆ ಎದುರಿಗೆ ಕಡುಗಪ್ಪು, ಫೋಟೊದಲ್ಲಿ ಬೂದಿ. ಉಳಿದೆಲ್ಲ ಸರಿಯಿದ್ದೂ ನೋಟ ಸತ್ತಂತಿರುತ್ತದೆ. ಆ ಜಾಗದಲ್ಲಿ ಪದರ ಪದರವಾಗಿ ಕೂತ ಗ್ರಾಫೈಟ್ ಕನ್ನಡಿಯಂತೆ ದೀಪವನ್ನು ಲೆನ್ಸಿಗೆ ತಿರುಗಿಸುತ್ತಿರುತ್ತದೆ. ದೀಪಗಳನ್ನು ಇನ್ನಷ್ಟು ಬದಿಗೆ ಸರಿಸಿ, ಹಾಳೆಗೆ 30 ಡಿಗ್ರಿಯಷ್ಟಕ್ಕೆ ತನ್ನಿ. ಇನ್ನೂ ಓರೆ ಮಾಡಿದರೆ ಹಾಳೆಯ ತರಿ ಎದ್ದು ಕಾಣುತ್ತದೆ. ಅಲ್ಲಿಗೂ ಹೊಳಪು ಹೋಗದಿದ್ದರೆ ಎರಡೂ ದೀಪಗಳಿಗೆ ಪೋಲರೈಸಿಂಗ್ ಹಾಳೆಯನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ಒಂದೇ ದಿಕ್ಕಿನಲ್ಲಿ ಕಟ್ಟಿ, ಲೆನ್ಸಿಗೆ ಪೋಲರೈಸಿಂಗ್ ಫಿಲ್ಟರ್ ಹಾಕಿ, ಪಾಪೆ ಕಪ್ಪಾಗುವವರೆಗೆ ಫಿಲ್ಟರ್ ತಿರುಗಿಸಿ. ವಾರ್ನಿಷ್ ಹಚ್ಚಿದ ತೈಲವರ್ಣಕ್ಕೂ ಮದ್ದು ಇದೇ.

ಬಿಳಿ ಹಾಳೆ ಹೆಚ್ಚಿದ್ದಾಗ ಕ್ಯಾಮೆರಾ ಬೆಳಕು ಜಾಸ್ತಿಯಾಯಿತೆಂದು ತಿಳಿದು ಎಲ್ಲವನ್ನೂ ಮಬ್ಬು ಮಾಡುತ್ತದೆ. ಎಕ್ಸ್‌ಪೋಷರನ್ನು ಮುಕ್ಕಾಲರಿಂದ ಒಂದು ಸ್ಟಾಪ್ ಏರಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಅದೇ ಬೆಳಕಿನಲ್ಲಿ ಬೂದು ಕಾರ್ಡಿನ ಒಂದು ಫೋಟೊ ತೆಗೆದುಕೊಂಡರೆ ಬಿಳಿಯ ಹೊಂದಾಣಿಕೆಗೆ ಊಹೆ ಬೇಕಿಲ್ಲ. ತಿದ್ದುವಾಗ ಹಾಳೆಯ ಬಿಳಿಯನ್ನು 255ಕ್ಕೆ, ಅಂದರೆ ಅಪ್ಪಟ ಬಿಳಿಗೆ, ತಳ್ಳಬೇಡಿ. 240ರಿಂದ 245ರೊಳಗೆ ನಿಲ್ಲಿಸಿದರೆ ಹಾಳೆಯ ಮೈ ಉಳಿಯುತ್ತದೆ.

ಪ್ರತಿ ತೆಗೆಯುವಾಗ

ಪರದೆಗೆ ಹೋಗುವ ಎಲ್ಲ ಪ್ರತಿಗಳೂ ಎಸ್‌ಆರ್‌ಜಿಬಿ ಎಂಬ, ಪರದೆಗಳಿಗೆ ಸಾಮಾನ್ಯವಾದ ಬಣ್ಣದ ವ್ಯಾಪ್ತಿಯಲ್ಲಿರಬೇಕು. ಇನ್ನೂ ಅಗಲದ ಅಡೋಬಿ ಆರ್‌ಜಿಬಿಯಲ್ಲೇ ಬಿಟ್ಟರೆ, ಬಣ್ಣದ ಪ್ರೊಫೈಲ್ ಓದದ ಕಡೆ ಚರ್ಮ ಕಳೆಗುಂದುತ್ತದೆ. ಇನ್‌ಸ್ಟಾಗ್ರಾಂಗೆ 1080×1350 ಪಿಕ್ಸೆಲ್. ಅಗಲ ಇದಕ್ಕಿಂತ ಹೆಚ್ಚಿದ್ದರೆ ಕುಗ್ಗಿಸುವ ಕೆಲಸ ಆ್ಯಪ್‌ನ ಕೈಗೆ ಹೋಗುತ್ತದೆ, ರೆಪ್ಪೆಯ ಸಣ್ಣ ಗೆರೆಗಳು ಕಲಸಿಹೋಗುತ್ತವೆ. ನಿಮ್ಮ ವೆಬ್‌ಸೈಟಿಗೆ ಉದ್ದನೆಯ ಬದಿ 1600ರಿಂದ 2048, ಜೆಪೆಗ್ ಗುಣಮಟ್ಟ 80ರಿಂದ 85. ಮೊದಲು ಕುಗ್ಗಿಸಿ, ಆಮೇಲೆ ಅಷ್ಟಿಷ್ಟು ಶಾರ್ಪನ್ ಮಾಡಿ.

ಕದಿಯುವವರ ಭಯಕ್ಕೆ ಮುಖದ ಮೇಲೆ ಅಡ್ಡಡ್ಡ ವಾಟರ್‌ಮಾರ್ಕ್ ಎಳೆಯುವುದು ಬೇಡ. ಅದು ಮೊದಲು ನೋಯಿಸುವುದು ಪ್ರೀತಿಯಿಂದ ನೋಡಲು ಬಂದವರನ್ನು. ಕದ್ದರೂ 1600 ಪಿಕ್ಸೆಲ್ ಚಿತ್ರ 300 ಡಿಪಿಐ ಮುದ್ರಣದಲ್ಲಿ ಐದೂವರೆ ಇಂಚನ್ನೂ ದಾಟದು. ಮೂಲೆಯಲ್ಲಿ ಸಣ್ಣ ಸಹಿ, ಫೈಲಿನ ಮೆಟಾಡೇಟಾದಲ್ಲಿ (ಫೈಲಿನೊಳಗೆ ಅಡಗಿರುವ ಮಾಹಿತಿಯಲ್ಲಿ) ಹೆಸರು ಮತ್ತು ಹಕ್ಕಿನ ಸಾಲು ಇದ್ದರೆ ಸಾಕು. ಆದರೆ ಎಷ್ಟೋ ಸಾಮಾಜಿಕ ಜಾಲತಾಣಗಳು ಮೆಟಾಡೇಟಾವನ್ನು ಕಿತ್ತುಹಾಕುತ್ತವೆ, ಅದೊಂದನ್ನೇ ನಂಬಬೇಡಿ.

ಬೇರೆಯವರು ತೆಗೆದ ಫೋಟೊ ನೋಡಿ ಬರೆದ ಭಾವಚಿತ್ರವಾದರೆ ಆ ಛಾಯಾಗ್ರಾಹಕರ ಒಪ್ಪಿಗೆ ಬರಹದಲ್ಲಿ ಬೇಕು. ಹೆಸರು ಹಾಕಿದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಂತಾಗುವುದಿಲ್ಲ. ಎದುರಿಗೆ ಕೂತವರಿಂದಲೂ ಎಲ್ಲಿ ಹಾಕುತ್ತೀರಿ, ಮಾರುತ್ತೀರಾ ಎಂಬುದನ್ನು ಹೇಳಿ ಎರಡು ಸಾಲು ಬರೆಸಿಕೊಳ್ಳಿ.

ಫೋಟೊಗಳಿಗೆ ಹೆಚ್ಚು ಹೇಳಬೇಕಾದ್ದಿಲ್ಲ, ಪ್ರತಿಯ ನಿಯಮಗಳೆಲ್ಲ ಅವೇ. ಫೋನಿನಲ್ಲಿ ತೆಗೆದವುಗಳಲ್ಲಿ ತೆಗೆದ ಜಾಗದ ಜಿಪಿಎಸ್ ಗುರುತು ಅಡಗಿರಬಹುದು; ಮನೆಯಲ್ಲಿ ತೆಗೆದದ್ದಾದರೆ ಮನೆಯ ವಿಳಾಸವೇ ಅದು, ಎಕ್ಸ್‌ಪೋರ್ಟ್ ಮಾಡುವಾಗ ಅಳಿಸಿ. ಒಂದೇ ಮುಖದ ಮೂರು ಫೋಟೊ ಚೆನ್ನಾಗಿದ್ದರೂ ಒಂದನ್ನೇ ಹಾಕಿ.

ಹಾಡು

ಮೈಕ್‌ನಿಂದ ಬಾಯಿ 15ರಿಂದ 20 ಸೆಂಟಿಮೀಟರ್ ದೂರ, ನಡುವೆ ಪಾಪ್ ಫಿಲ್ಟರ್. ಮೈಕನ್ನು ಬಾಯಿಯ ನೇರಕ್ಕಿಡದೆ ಚೂರು ಪಕ್ಕಕ್ಕೆ ಇಟ್ಟರೆ ‘ಪ’, ‘ಫ’, ‘ಭ’ಗಳ ಗಾಳಿ ಧಪ್ಪೆಂದು ಬಡಿಯುವುದಿಲ್ಲ. ಬರಿ ಗೋಡೆಯ ಕೋಣೆಗಿಂತ ಬಟ್ಟೆ ತುಂಬಿದ ಕೋಣೆ ಮೇಲು. ಹಾಡುವವರ ಬೆನ್ನ ಹಿಂದೆ ದಪ್ಪ ಕಂಬಳಿ ತೂಗುಹಾಕಿ, ಏಕೆಂದರೆ ಮೈಕ್ ಮುಖ ಮಾಡಿರುವುದು ಆ ಕಡೆಗೆ. ಫ್ಯಾನ್ ಆರಿಸಿ.

ಧ್ವನಿಮುದ್ರಣ 24 ಬಿಟ್, 48 ಅಥವಾ 44.1 ಕಿಲೊಹರ್ಟ್ಸ್‌ನಲ್ಲಿರಲಿ. ಏರುದನಿಯಲ್ಲೂ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲಲಿ. 24 ಬಿಟ್‌ನಲ್ಲಿ ಮೆಲುದನಿಯನ್ನು ಆಮೇಲೆ ಏರಿಸಬಹುದು, ಸೊನ್ನೆಗೆ ಬಡಿದು ಒಡೆದ ದನಿಯನ್ನು ಜೋಡಿಸಲಾಗದು.

ಇನ್ನು ಜೋರಿನ ಮಾತು. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಆಸುಪಾಸಿಗೆ ತಂದು ನುಡಿಸುತ್ತದೆ. ಶಿಖರಗಳನ್ನು ತಡೆಯುವ ಲಿಮಿಟರ್‌ನಿಂದ ಹಿಂಡಿ ಮೈನಸ್ 8ಕ್ಕೆ ಏರಿಸಿದ ಹಾಡನ್ನು ಅದು 6 ಡೆಸಿಬೆಲ್ ಇಳಿಸುತ್ತದೆ. ಜೋರೂ ಹೋಯಿತು, ಹಿಂಡಿದಾಗ ಕಳೆದುಕೊಂಡ ಏರಿಳಿತವೂ ಬರಲಿಲ್ಲ. ಹಾಡು ಚಪ್ಪಟೆಯಾಗುವುದು ಇಲ್ಲಿಯೇ. ಒಂದು ದನಿ, ಒಂದು ವಾದ್ಯದ ಹಾಡಿಗೆ ಮೈನಸ್ 14 ಆರಾಮಾಗಿ ಸಾಕು. ಟ್ರೂ ಪೀಕ್, ಅಂದರೆ ದನಿಯ ತುತ್ತತುದಿ, ಮೈನಸ್ 1 ಡೆಸಿಬೆಲ್ ದಾಟದಿರಲಿ, ಹಾಡು ಮೈನಸ್ 14ಕ್ಕಿಂತ ಜೋರಾಗಿದ್ದರೆ ಮೈನಸ್ 2. ಸೇವೆಗಳು ಫೈಲನ್ನು ಕುಗ್ಗಿಸಿ ಮರುಕೋಡ್ ಮಾಡುವಾಗ ಶಿಖರಗಳು ತುಸು ಮೇಲೇಳುತ್ತವೆ. ಜಾಗ ಬಿಡದಿದ್ದರೆ ನಿಮ್ಮಲ್ಲಿ ಇಲ್ಲದ ಕರಕರ ಅಲ್ಲಿ ಕೇಳಿಸುತ್ತದೆ. 16 ಬಿಟ್ ಪ್ರತಿ ಬೇಕಿದ್ದರೆ ಡಿದರ್ (ಬಿಟ್ ಇಳಿಸುವಾಗಿನ ಒರಟುತನ ಮರೆಸುವ ಅತಿ ಸಣ್ಣ ಸದ್ದು) ಹಾಕಿ, ಒಂದೇ ಒಂದು ಸಲ, ಕೊನೆಯಲ್ಲಿ.

ಸ್ಪಾಟಿಫೈನಂಥ ಸ್ಟ್ರೀಮಿಂಗ್‌ಗೆ, ಹಾಡನ್ನು ಅಲ್ಲಿಗೆ ತಲುಪಿಸುವ ವಿತರಕ ಸೇವೆಯ ಮೂಲಕ ಹೋಗಬೇಕು. ಪ್ರತಿ ಧ್ವನಿಮುದ್ರಣಕ್ಕೂ 12 ಅಕ್ಷರಗಳ ಐಎಸ್‌ಆರ್‌ಸಿ ಎಂಬ ಗುರುತಿನ ಸಂಖ್ಯೆ ಸಿಗುತ್ತದೆ. ಅದನ್ನು ಮೂಲ ಫೋಲ್ಡರಿನಲ್ಲಿ ಬರೆದಿಡಿ, ಮುಂದೆ ವಿತರಕರನ್ನು ಬದಲಿಸಿದರೆ ಅದೇ ಸಂಖ್ಯೆ ಕೊಡಿ. ಹೊಸದು ಕೊಟ್ಟರೆ ಹಳೆಯ ಕೇಳುಗರ ಲೆಕ್ಕ ಹೊಸ ಪ್ರತಿಗೆ ಸೇರದೇ ಹೋಗಬಹುದು. ಮುಖಪುಟ ಚಿತ್ರ 3000×3000 ಪಿಕ್ಸೆಲ್, ಅದರ ಮೇಲೆ ವೆಬ್ ವಿಳಾಸ ಬೇಡ, ತಿರಸ್ಕರಿಸುತ್ತಾರೆ. ನಿಮ್ಮದೇ ಭಾವಚಿತ್ರವನ್ನು ಮುಖಪುಟ ಮಾಡುವುದಾದರೆ 600 ಡಿಪಿಐ ಮೂಲ ಇಲ್ಲಿ ನೆರವಿಗೆ ಬರುತ್ತದೆ: ಎ4 ಚಿತ್ರದ ಮುಖವನ್ನಷ್ಟೇ ಚೌಕವಾಗಿ ಕತ್ತರಿಸಿದರೂ 3000 ಸಿಗುತ್ತದೆ. ಬಿಡುಗಡೆಗೆ ನಾಲ್ಕು ವಾರ ಮೊದಲೇ ಕಳಿಸಿ. ಸ್ಪಾಟಿಫೈನ ಸಂಪಾದಕರ ಪಟ್ಟಿಗೆ ಹಾಡು ಸೂಚಿಸಲು ಕನಿಷ್ಠ 7 ದಿನ ಬೇಕು. 2024ರಿಂದ ಅಲ್ಲಿ ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ಆ ಧ್ವನಿಮುದ್ರಣದ ರಾಯಧನ ಇಲ್ಲ. ಹೊಸಬರಿಗೆ ಬ್ಯಾಂಡ್‌ಕ್ಯಾಂಪ್‌ನಂಥ ನೇರ ಮಾರಾಟವನ್ನೂ ಜೊತೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಹಾಡಿಗೆ ಹಕ್ಕು ಎರಡು: ರಚನೆಯದ್ದು, ಧ್ವನಿಮುದ್ರಣದ್ದು. ಬೇರೆಯವರ ರಚನೆ ಹಾಡಿದರೆ ಪರವಾನಗಿ ಪಡೆಯಿರಿ. ಜೊತೆಗೆ ನುಡಿಸಿದವರಿದ್ದರೆ ಯಾರಿಗೆ ಶೇಕಡಾ ಎಷ್ಟು ಎಂಬುದನ್ನು ಬಿಡುಗಡೆಗೆ ಮೊದಲೇ ಬರೆದಿಡಿ. ಯಾರು ಬೇಕಾದರೂ ನಿಯಮದೊಳಗೆ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೊಡುವ ಯೋಚನೆಯಿದ್ದರೆ ನೆನಪಿರಲಿ, ಅದರಡಿ ಪ್ರತಿ ಪಡೆದವರಿಂದ ಅದನ್ನು ಹಿಂತೆಗೆದುಕೊಳ್ಳಲಾಗದು.

ಹಾಕಿದ ಮೇಲೆ

ಪ್ರತಿ ಚಿತ್ರಕ್ಕೂ ಕಣ್ಣು ಕಾಣದವರಿಗಾಗಿ ವಿವರಣೆಯ ಸಾಲು ತುಂಬಿ. ‘ಭಾವಚಿತ್ರ 4’ ಎಂದರೆ ಅವರಿಗೆ ಏನೂ ತಿಳಿಯದು. ‘ಬಲಕ್ಕೆ ತಿರುಗಿದ ಮುದುಕಿಯ ಮುಖ, ಅರೆಮುಚ್ಚಿದ ಕಣ್ಣು, ಪೆನ್ಸಿಲ್’ ಎಂದರೆ ಚಿತ್ರ ಕಟ್ಟಿಕೊಳ್ಳುತ್ತದೆ. ವೆಬ್‌ಸೈಟಿನ ಡೊಮೇನ್ ನಿಮ್ಮ ಹೆಸರಿನಲ್ಲೇ ಇರಲಿ, ತಾನಾಗಿ ನವೀಕರಣವಾಗುವಂತಿರಲಿ.

ಆಮೇಲೆ ಬೇರೆಯವರ ಫೋನಿನಲ್ಲಿ, ಲಾಗಿನ್ ಆಗದೆ, ನಿಮ್ಮ ಪುಟ ತೆರೆಯಿರಿ. ಪಾಪೆಯನ್ನು ಹಿಗ್ಗಿಸಿ ನೋಡಿ. ಹಾಡಿನ ಏರುದನಿಯ ಸಾಲನ್ನು ಫೋನಿನ ಸ್ಪೀಕರ್‌ನಲ್ಲೊಮ್ಮೆ, ಇಯರ್‌ಫೋನಿನಲ್ಲೊಮ್ಮೆ ಕೇಳಿ. ಕೊರತೆ ಕಂಡರೆ ಹಾಕಿದ ಪ್ರತಿಯನ್ನು ಇಳಿಸಿಕೊಂಡು ತಿದ್ದಬೇಡಿ, ಮೂಲ ಫೋಲ್ಡರಿಗೆ ಹೋಗಿ ಹೊಸ ಪ್ರತಿ ತೆಗೆದು ಹಾಕಿ.